ನಾಲ್ಕಕ್ಕೆ ಎರಡು ಕೂಡಿಸಿದರೂ ನಾಲ್ಕು: ಬಳ್ಳಾರಿಯ ಒಬ್ಬ ವಿದ್ಯಾರ್ಥಿನಿ ರಸಾಯನಶಾಸ್ತ್ರ ಕಲಿತ ಪ್ರಕರಣ

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದು, ಪಿಯುಸಿಗೆ ಪಿಸಿಎಂಬಿ ಸೇರಿದ ಮಕ್ಕಳು ಮೊದಲ ಕಿರುಪರೀಕ್ಷೆಯಲ್ಲೇ ರಸಾಯನಶಾಸ್ತ್ರದಲ್ಲಿ ನೆಲ ಕಚ್ಚುವುದನ್ನು ನಮ್ಮ ಬಳ್ಳಾರಿಯಲ್ಲಿ ಪ್ರತಿ ವರ್ಷ ನೋಡುತ್ತೇವೆ. ಯಾಕೆ ಹೀಗಾಯಿತು ಎಂದು ಕೇಳಿದರೆ ಸ್ಟಾಫ್ ರೂಮಿನಲ್ಲಿ ಸಿಗುವ ಉತ್ತರ ಒಂದೇ: ಇಂಗ್ಲಿಷ್ ಬರುವುದಿಲ್ಲ. ಮನೆಯವರೂ ಅದನ್ನೇ ಹೇಳುತ್ತಾರೆ, ಮಕ್ಕಳೂ ಅದನ್ನೇ ನಂಬಿ ಕೂರುತ್ತಾರೆ. ನಾನು ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಎಲ್ಲಿದೆ ಎಂಬುದು ಒಬ್ಬ ಹುಡುಗಿಯ ಪ್ರಕರಣದಲ್ಲಿ ಬಹಳ ಸ್ಪಷ್ಟವಾಗಿ ಕಂಡಿತು. ಅದಕ್ಕೇ ಅದನ್ನು ಮೊದಲಿನಿಂದ ಬರೆದಿಡುತ್ತಿದ್ದೇನೆ. ಅವಳ ಹೆಸರು, ಕಾಲೇಜಿನ ಹೆಸರು ಇಲ್ಲಿ ಬೇಡ. ಅವಳ ನೋಟ್‌ಬುಕ್ಕಿನ ಸಾಲುಗಳನ್ನು ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದು ಬಳಸಿದ್ದೇನೆ.

ಹುಡುಗಿಯ ಮನೆ ಇರುವುದು ಕೌಲ್ ಬಜಾರ್ ಕಡೆ. ತಾಯಿ ಜೀನ್ಸ್ ಕೆಲಸದವರು. ಹೊಲಿದು ಬಂದ ಪ್ಯಾಂಟಿಗೆ ಬಟನ್, ಜೇಬಿನ ಮೂಲೆಗೆ ಲೋಹದ ರಿವೆಟ್ ಹೊಡೆಯುವುದು, ದಾರದ ತುದಿ ಕತ್ತರಿಸುವುದು, ಪೀಸಿಗೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ. ಸೋದರಮಾವ ಒಂದು ವಾಷಿಂಗ್ ಯೂನಿಟ್ಟಿನಲ್ಲಿ ಕೆಲಸ ಮಾಡುತ್ತಾನೆ. ಬಳ್ಳಾರಿ ಜೀನ್ಸ್ ಎಂದರೆ ಹೊರಗಿನವರಿಗೆ ಅಗ್ಗದ ಪ್ಯಾಂಟು, ಊರಿನ ಸಾವಿರಾರು ಮನೆಗಳಿಗೆ ಅದೇ ಅನ್ನ. ಇದನ್ನೆಲ್ಲ ಮೊದಲೇ ಹೇಳಲು ಕಾರಣವಿದೆ. ಈ ಪ್ರಕರಣ ಮುಂದೆ ಸಾಗಿದ್ದು ಬಹುಪಾಲು ಆ ಕೆಲಸದ ಸಾಮಾನಿನ ಮೇಲೆಯೇ.

ಉತ್ತರ ಪತ್ರಿಕೆ

ಕಿರುಪರೀಕ್ಷೆಯಲ್ಲಿ ಒಂದು ಸಣ್ಣ ಲೆಕ್ಕವಿತ್ತು. 4 ಗ್ರಾಂ ಹೈಡ್ರೋಜನ್ ಪೂರ್ತಿ ಉರಿಯಲು ಎಷ್ಟು ಗ್ರಾಂ ಆಕ್ಸಿಜನ್ ಬೇಕು, ಎಷ್ಟು ಗ್ರಾಂ ನೀರು ಸಿಗುತ್ತದೆ? ಹುಡುಗಿ ಮೊದಲು ಸಮೀಕರಣ ಬರೆದಿದ್ದಳು, ತಪ್ಪಿಲ್ಲದೆ ಸರಿದೂಗಿಸಿದ್ದಳು: 2H₂ + O₂ → 2H₂O, ಅಂದರೆ ಹೈಡ್ರೋಜನ್ ಅಣು ಎರಡು, ಆಕ್ಸಿಜನ್ ಅಣು ಒಂದು, ನೀರಿನ ಅಣು ಎರಡು. ಅದರ ಕೆಳಗೆ ಅಂದವಾದ ಅಕ್ಷರದಲ್ಲಿ ತ್ರೈರಾಶಿ ಹಾಕಿದ್ದಳು. 2 ಗ್ರಾಂ ಹೈಡ್ರೋಜನ್‌ಗೆ 1 ಗ್ರಾಂ ಆಕ್ಸಿಜನ್, ಆದ್ದರಿಂದ 4 ಗ್ರಾಂಗೆ 2 ಗ್ರಾಂ. 2 ಗ್ರಾಂಗೆ 2 ಗ್ರಾಂ ನೀರು, ಆದ್ದರಿಂದ 4 ಗ್ರಾಂಗೆ 4 ಗ್ರಾಂ ನೀರು.

ಗುಣಾಕಾರ, ಭಾಗಾಕಾರ ಎಲ್ಲ ಸರಿ. ಆದರೆ ಕೂಡಿ ನೋಡಿದರೆ 4 ಗ್ರಾಂ ಮತ್ತು 2 ಗ್ರಾಂ ಸೇರಿ 4 ಗ್ರಾಂ ನೀರಾಗಿದೆ. ಉಳಿದ 2 ಗ್ರಾಂ ಎಲ್ಲಿ ಹೋಯಿತು? ಅದೇ ಪತ್ರಿಕೆಯ ಮೊದಲ ಪುಟದಲ್ಲಿ ರಾಶಿ ಸಂರಕ್ಷಣಾ ನಿಯಮವನ್ನು (ಕ್ರಿಯೆಯ ಮೊದಲೂ ಆಮೇಲೂ ಒಟ್ಟು ತೂಕ ಒಂದೇ) ಅವಳು ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪದೆ ಬರೆದು ಪೂರ್ತಿ ಅಂಕ ಪಡೆದಿದ್ದಳು. ಎರಡೂ ಉತ್ತರ ಒಂದೇ ಕೈಯಲ್ಲಿ, ಒಂದೇ ಗಂಟೆಯೊಳಗೆ ಬರೆದವು.

ಇಂಗ್ಲಿಷ್ ಕಾರಣ ಹೌದೋ ಅಲ್ಲವೋ ನೋಡಲು ಅದೇ ಲೆಕ್ಕವನ್ನು ಕನ್ನಡದಲ್ಲಿ ಬರೆದು ಕೊಟ್ಟೆ. ಹತ್ತನೇ ತರಗತಿಯ ಪುಸ್ತಕದ ಪದಗಳನ್ನೇ ಬಳಸಿದ್ದೆ. ಉತ್ತರ ಬದಲಾಗಲಿಲ್ಲ. ಮತ್ತೆ 2 ಗ್ರಾಂ ಆಕ್ಸಿಜನ್, 4 ಗ್ರಾಂ ನೀರು. ಭಾಷೆಯದೇ ತೊಡಕಾಗಿದ್ದರೆ ಇಲ್ಲಿ ಬಿಡಿಸಿಕೊಳ್ಳಬೇಕಿತ್ತು.

ಆಮೇಲೆ ಇನ್ನೊಂದು ಕೆಲಸ ಕೊಟ್ಟೆ. ಸಮೀಕರಣದ ಎಡಭಾಗದಲ್ಲಿ ಏನಿದೆಯೋ ಅದನ್ನು ಚಿತ್ರ ಬರಿ, ಪರಮಾಣುವಿಗೊಂದು ಉಂಡೆ ಹಾಕು ಎಂದೆ. ಅವಳು ಹೈಡ್ರೋಜನ್‌ಗೆ ನಾಲ್ಕು ಉಂಡೆಗಳನ್ನು ಒಂದಕ್ಕೊಂದು ಅಂಟಿಸಿ ಮಾಲೆಯ ಹಾಗೆ ಬರೆದಳು. ಎರಡೆರಡರ ಎರಡು ಜೋಡಿ ಬರಲಿಲ್ಲ. ಅಣುಗಳನ್ನು ಎಣಿಸಲು ಮುಂದೆ ಬರೆಯುವ 2, ಒಂದು ಅಣುವಿನೊಳಗಿನ ಪರಮಾಣುಗಳನ್ನು ಎಣಿಸಲು ಕೆಳಗೆ ಬರೆಯುವ 2 ಅವಳಿಗೆ ಒಂದೇ ಆಗಿದ್ದವು. ಎರಡನ್ನೂ ಗುಣಿಸಿದರೆ 4, ಆ 4 ಬಲಭಾಗಕ್ಕೆ ಹೊಂದಿದರೆ ಸಮೀಕರಣ ಸರಿ. ಸರಿದೂಗಿಸುವುದಕ್ಕೆ ಅಷ್ಟು ಸಾಕಾಗುತ್ತದೆ ಎಂಬುದೇ ಇಲ್ಲಿನ ತೊಂದರೆ. ಅಣು ಎಂದರೇನು ಎಂದು ಗೊತ್ತಿಲ್ಲದೆಯೂ ಪುಟಗಟ್ಟಲೆ ಸಮೀಕರಣ ಸರಿದೂಗಿಸಬಹುದು, ಅಂಕವನ್ನೂ ಪಡೆಯಬಹುದು.

ಪ್ರತಿ ಶನಿವಾರ ಅರ್ಥವಾಗದೆ ಉಳಿದದ್ದನ್ನು ಕನ್ನಡದಲ್ಲಿ, ತನ್ನ ಮಾತಿನಲ್ಲಿ ಬರೆದು ತರಲು ಹೇಳಿದೆ. ಮೊದಲ ಬರಹ ಹೀಗಿತ್ತು:

“2 ಅಂದ್ರೆ 2 ಗ್ರಾಂ ಅಂತ ನನಗೆ ಯಾರೂ ಹೇಳಿಲ್ಲ ಮೇಡಂ. ಆದ್ರೆ ಬೇರೆ ಏನು ಅಂತಾನೂ ಯಾರೂ ಹೇಳಿಲ್ಲ. ಲೆಕ್ಕದಾಗ ಗ್ರಾಂ ಕೇಳ್ಯಾರ. ನನ್ನ ಹತ್ರ ಇರೋ ನಂಬರ್ 2, 1, 2. ಅದಕ್ಕ ಅವನ್ನೇ ಹಾಕಿದೆ.”

ಈ ನಾಲ್ಕು ಸಾಲನ್ನು ನಾನು ಎಷ್ಟೋ ಜನರಿಗೆ ಓದಿ ಹೇಳಿದ್ದೇನೆ. ಅವಳು ಮಾಡಿದ್ದರಲ್ಲಿ ದಡ್ಡತನ ಒಂದಿಷ್ಟೂ ಇಲ್ಲ. ಕೇಳಿದ್ದು ಗ್ರಾಂ, ಕೈಯಲ್ಲಿದ್ದದ್ದು ಬೇರೆ ಏನೋ, ಎರಡನ್ನೂ ಜೋಡಿಸುವ ಕೊಂಡಿ ಅವಳಿಗೆ ಯಾರೂ ಕೊಟ್ಟಿರಲಿಲ್ಲ.

ಗೊತ್ತಿದ್ದ ಮೂರು ಸಂಗತಿ

ಮುಂದಿನ ವಾರ ಹಳೆಯ ಪುಸ್ತಕಗಳನ್ನು ತರಿಸಿದೆ. ಒಂಬತ್ತನೇ ತರಗತಿಯ ಪುಸ್ತಕದಲ್ಲಿ ನೀರಿನಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ತೂಕದ ಅನುಪಾತ 1:8 ಎಂದಿದೆ. ಅದು ಅವಳಿಗೆ ಬಾಯಿಪಾಠ. ಹತ್ತನೇ ತರಗತಿಯಲ್ಲಿ ನೀರಿನ ವಿದ್ಯುದ್ವಿಭಜನೆ ಬರುತ್ತದೆ. ಒಂದು ನಳಿಕೆಯಲ್ಲಿ ಸೇರುವ ಅನಿಲ ಇನ್ನೊಂದರ ಎರಡರಷ್ಟು, ಅಂದರೆ ಗಾತ್ರದಲ್ಲಿ 2:1. ಅದೂ ಬಾಯಿಪಾಠ, ಶಾಲೆಯಲ್ಲಿ ಪ್ರಯೋಗವನ್ನು ಕಣ್ಣಾರೆ ನೋಡಿದ್ದಳು ಕೂಡ. ಪಿಯುಸಿಯ ಸಮೀಕರಣದಲ್ಲಿ ಮತ್ತೆ 2:1. ಮೂರನ್ನೂ ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಸಿದೆ.

ಸ್ವಲ್ಪ ಹೊತ್ತು ನೋಡಿದಳು. “1ಕ್ಕ 8 ಅಂದ್ರ 4ಕ್ಕ 32 ಆಗಬೇಕಲ್ರಿ. ನಾ 2 ಬರದೀನಿ,” ಎಂದಳು. ಆಮೇಲೆ ತಾನೇ ಕೂಡಿಸಿದಳು. 4 ಮತ್ತು 32, 36. “ನೀರು 36 ಗ್ರಾಂ ಬರಬೇಕು.”

ಉತ್ತರ ಅಲ್ಲೇ ಇತ್ತು. ಸಮೀಕರಣವನ್ನು ಮುಟ್ಟದೆ, ಒಂಬತ್ತನೇ ತರಗತಿಯ ಒಂದು ಸಾಲಿನಿಂದಲೇ ಅವಳು ಸರಿಯಾದ ಉತ್ತರಕ್ಕೆ ಬಂದಳು. ಹಾಗಾದರೆ ಈ ಪ್ರಕರಣದಲ್ಲಿ ಅರಿವಿನ ಕೊರತೆ ಇರಲಿಲ್ಲ. ಮೂರು ವರ್ಷದಲ್ಲಿ ಕಲಿತ ಮೂರು ಸಂಗತಿ ತಲೆಯೊಳಗೆ ಮೂರು ಬೇರೆ ಕೋಣೆಯಲ್ಲಿದ್ದವು, ಒಂದಕ್ಕೊಂದು ಮುಖಾಮುಖಿ ಆಗಿರಲಿಲ್ಲ. ನಾವು ಪಾಠವನ್ನು ಅಧ್ಯಾಯಕ್ಕೊಂದರಂತೆ ಮುಗಿಸಿ ಪರೀಕ್ಷೆ ಮಾಡುತ್ತೇವೆ. ಮುಖಾಮುಖಿ ಆಗುವ ಜಾಗ ಯಾವ ಅಧ್ಯಾಯದಲ್ಲೂ ಇಲ್ಲ.

ಸ್ಕಾಟ್ಲೆಂಡಿನ ರಸಾಯನಶಾಸ್ತ್ರ ಅಧ್ಯಾಪಕ ಅಲೆಕ್ಸ್ ಜಾನ್‌ಸ್ಟನ್ ಈ ವಿಷಯವನ್ನು ಒಂದು ತ್ರಿಕೋನದಲ್ಲಿ ವಿವರಿಸಿದ್ದರು. ಒಂದು ಮೂಲೆಯಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತು. ಇನ್ನೊಂದರಲ್ಲಿ ಕಾಣದ ಪರಮಾಣು, ಅಣುಗಳ ಲೋಕ. ಮೂರನೆಯದರಲ್ಲಿ ಚಿಹ್ನೆ, ಸೂತ್ರ, ಸಮೀಕರಣ. ಬಹುದಿನ ಪಾಠ ಮಾಡಿದವರು ಒಂದೇ ವಾಕ್ಯದಲ್ಲಿ ಮೂರೂ ಮೂಲೆ ಸುತ್ತಿ ಬರುತ್ತಾರೆ. ಹೊಸಬರಿಗೆ ಆ ಸುತ್ತಾಟ ಕಾಣುವುದೇ ಇಲ್ಲ. ನಮ್ಮ ಹುಡುಗಿ ನಿಂತಿದ್ದದ್ದು ಚಿಹ್ನೆಗಳ ಮೂಲೆಯಲ್ಲಿ ಮಾತ್ರ.

ಅವಳಿಗೆ ಸಮಾಧಾನ ಕೊಟ್ಟದ್ದು ಒಂದು ಹಳೆಯ ಕಥೆ. 1808ರಲ್ಲಿ ಪರಮಾಣು ಸಿದ್ಧಾಂತವನ್ನು ಪುಸ್ತಕವಾಗಿ ಹೊರತಂದ ಜಾನ್ ಡಾಲ್ಟನ್, ನೀರಿನ ಕಣದಲ್ಲಿ ಹೈಡ್ರೋಜನ್ ಒಂದು, ಆಕ್ಸಿಜನ್ ಒಂದು ಎಂದೇ ಎಣಿಸಿದ್ದ. ಹಾಗಾಗಿ, ಅಂದಿನ ಅಳತೆಯ ತಪ್ಪೂ ಸೇರಿ, ಅವನ ಪಟ್ಟಿಯಲ್ಲಿ ಆಕ್ಸಿಜನ್‌ನ ತೂಕ 16ರ ಬದಲು 7 ಎಂದಿತ್ತು. ಅದೇ ಹೊತ್ತಿಗೆ ಗೇ-ಲುಸಾಕ್ ಅನಿಲಗಳು 2:1ರಂತೆ ಸರಳ ಗಾತ್ರದಲ್ಲಿ ಸೇರುತ್ತವೆ ಎಂದು ತೋರಿಸಿದ. 1811ರಲ್ಲಿ ಅವೊಗಾಡ್ರೊ ಎರಡನ್ನೂ ಹೊಂದಿಸುವ ದಾರಿ ಹೇಳಿದ: ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ. ಆ ಮಾತಿಗೆ ಬೆಲೆ ಬರಲು 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ನಡೆದ ರಸಾಯನಶಾಸ್ತ್ರಜ್ಞರ ಸಮ್ಮೇಳನದಲ್ಲಿ ಕನ್ನಿಜಾರೊ ಅದನ್ನು ಎತ್ತಿ ಹೇಳಬೇಕಾಯಿತು. ತೂಕದ ಲೆಕ್ಕ, ಗಾತ್ರದ ಲೆಕ್ಕ, ಎಣಿಕೆಯ ಲೆಕ್ಕ ಒಂದಕ್ಕೊಂದು ಕೂಡಿ ಬರಲು ದೊಡ್ಡ ದೊಡ್ಡವರಿಗೇ ಅರ್ಧ ಶತಮಾನ ಹಿಡಿಯಿತು. ಆ ಅರ್ಧ ಶತಮಾನವನ್ನು ನಮ್ಮ ಮಕ್ಕಳು ಜೂನ್ ತಿಂಗಳೊಂದರಲ್ಲಿ ದಾಟಬೇಕು ಎಂದು ನಾವು ಬಯಸುತ್ತೇವೆ.

ರಿವೆಟ್ ತೂಗುವ ತಕ್ಕಡಿ

ಮೋಲ್ ಪಾಠ ಎಲ್ಲರಿಗೂ ಬೇಸರ ತರಿಸುವ ಜಾಗ. ಡಜನ್ ಇದ್ದಂತೆ ಮೋಲ್ ಕೂಡ ಎಣಿಕೆಯ ಒಂದು ಮಾನ, ಪರಮಾಣು, ಅಣುಗಳನ್ನು ಎಣಿಸಲು. 6.022 × 10²³ ಎಂಬ ಸಂಖ್ಯೆ ಕಂಡ ಕೂಡಲೇ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪಕ್ಕಕ್ಕಿಡುತ್ತಾರೆ. ಇವಳೂ ಹಾಗೇ ಮಾಡಿದ್ದಳು. ಮೋಲ್ ಎಂದರೆ ಏನು ಎಂದು ಕೇಳಿದರೆ “ಗ್ರಾಂನಲ್ಲಿ ಬರೆದ ತೂಕ” ಎಂದಿದ್ದಳು.

ಅವಳ ತಾಯಿಯ ಕೆಲಸ ನೆನಪಾಗಿ ಕೇಳಿದೆ, ಓನರು ಬಟನ್, ರಿವೆಟ್‌ಗಳನ್ನು ಮನೆಗೆ ಕೊಡುವಾಗ ಎಣಿಸಿ ಕೊಡುತ್ತಾನೋ ಎಂದು. “ಇಲ್ರಿ, ಅಷ್ಟು ಯಾರು ಎಣಸ್ತಾರ? ತೂಕ ಮಾಡಿ ಕೊಡ್ತಾರ,” ಎಂದಳು. ಎಷ್ಟು ಪ್ಯಾಂಟಿಗೆ ಆಗುತ್ತದೆ ಎಂದು ಹೇಗೆ ತಿಳಿಯುತ್ತದೆ ಎಂದೆ. ಒಂದಕ್ಕೆ ಎಷ್ಟು ತೂಕ ಎಂದು ಗೊತ್ತಿದ್ದರೆ ಆಯಿತಲ್ಲ ಎಂದಳು.

ಅಲ್ಲಿಂದ ಲೆಕ್ಕ ಶುರುವಾಯಿತು. ಒಂದು ಪ್ಯಾಂಟಿಗೆ ಬಟನ್ ಒಂದು, ರಿವೆಟ್ ಆರು. ಬಟನ್ ಒಂದಕ್ಕೆ 4 ಗ್ರಾಂ, ರಿವೆಟ್ ಒಂದಕ್ಕೆ 1 ಗ್ರಾಂ ಎಂದು ಇಟ್ಟುಕೊಳ್ಳೋಣ ಎಂದೆ. ಒಂದು ಸಾವಿರ ಪ್ಯಾಂಟಿಗೆ ಬಟನ್ 4 ಕೆಜಿ, ರಿವೆಟ್ 6 ಕೆಜಿ. ಎಣಿಕೆಯಲ್ಲಿ 1:6, ತೂಕದಲ್ಲಿ 4:6. ಇನ್ನು ಎರಡೂ 5 ಕೆಜಿ ಕೊಟ್ಟರೆ? ಬಟನ್ 1250, ರಿವೆಟ್ 5000. ರಿವೆಟ್ 833 ಪ್ಯಾಂಟಿಗೆ ಮುಗಿಯುತ್ತವೆ, ಬಟನ್ ನಾನೂರಕ್ಕೂ ಹೆಚ್ಚು ಉಳಿಯುತ್ತವೆ. ಪುಸ್ತಕದಲ್ಲಿ ಲಿಮಿಟಿಂಗ್ ರಿಯೇಜೆಂಟ್ (ಮೊದಲು ಮುಗಿದು ಕ್ರಿಯೆ ನಿಲ್ಲಿಸುವ ವಸ್ತು) ಎಂಬ ತಲೆಬರಹದ ಕೆಳಗೆ ಬರುವುದೆಲ್ಲ ಇಷ್ಟೇ. ಅದನ್ನು ಅವಳು ನಾನು ಹೆಸರು ಹೇಳುವ ಮೊದಲೇ ಮಾಡಿ ಮುಗಿಸಿದ್ದಳು.

ಈಗ ಬಟನ್ ಜಾಗಕ್ಕೆ ಆಕ್ಸಿಜನ್ ಪರಮಾಣು, ರಿವೆಟ್ ಜಾಗಕ್ಕೆ ಹೈಡ್ರೋಜನ್ ಇಟ್ಟೆವು. ಒಂದು ಪರಮಾಣುವನ್ನು ತಕ್ಕಡಿಯಲ್ಲಿ ಇಡಲಾಗದು, ಆದರೆ ಆಕ್ಸಿಜನ್ ಹೈಡ್ರೋಜನ್‌ಗಿಂತ 16 ಪಟ್ಟು ತೂಕ ಎಂಬುದು ಗೊತ್ತು. ಹಾಗಾದರೆ 1 ಗ್ರಾಂ ಹೈಡ್ರೋಜನ್, 16 ಗ್ರಾಂ ಆಕ್ಸಿಜನ್ ತೆಗೆದುಕೊಂಡರೆ ಎರಡರಲ್ಲೂ ಪರಮಾಣುಗಳ ಎಣಿಕೆ ಒಂದೇ. ಆ ಎಣಿಕೆ ಎಷ್ಟೇ ಇರಲಿ, ಒಂದೇ. ಅದು 6.022 × 10²³ ಎಂಬುದು ಆಮೇಲಿನ ಮಾತು. 2019ರ ಮೇ 20ರಿಂದ ಆ ಸಂಖ್ಯೆಯನ್ನೇ 6.02214076 × 10²³ ಎಂದು ನಿಗದಿ ಮಾಡಿ ಮೋಲ್‌ನ ವ್ಯಾಖ್ಯೆ ಬದಲಿಸಿದ್ದಾರೆ. ಅದಕ್ಕೂ ಮೊದಲು 12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳಷ್ಟು ಎಂದು ಹೇಳುತ್ತಿದ್ದರು. ಎಣಿಕೆಯನ್ನೇ ಮುಂದಿಟ್ಟ ಈಗಿನ ವ್ಯಾಖ್ಯೆ ಕಲಿಯುವವರಿಗೆ ಹೆಚ್ಚು ಒಳ್ಳೆಯದು ಎಂದು ನನ್ನ ಗಟ್ಟಿ ಅಭಿಪ್ರಾಯ.

ಲ್ಯಾಬಿನ ಮೇಜಿನ ಮೇಲೆ ಒಂದೊಂದು ಮೋಲ್ ತೂಗಿ ಇಡಿಸಿದೆ. ಅಳತೆಯ ಜಾಡಿಯಲ್ಲಿ 18 ಎಂಎಲ್ ನೀರು, ಗಾಜಿನ ತಟ್ಟೆಯಲ್ಲಿ 58.5 ಗ್ರಾಂ ಉಪ್ಪು, ಸುಮಾರು 56 ಗ್ರಾಂ ಕಬ್ಬಿಣದ ಮೊಳೆ, 12 ಗ್ರಾಂ ಇದ್ದಿಲಿನ ಪುಡಿ, 342 ಗ್ರಾಂ ಸಕ್ಕರೆ. ಸಕ್ಕರೆಗೆ ದೊಡ್ಡ ಬೀಕರೇ ಬೇಕಾಯಿತು, ನೀರು ಜಾಡಿಯ ತಳದಲ್ಲಿ ಬೆರಳಷ್ಟು ನಿಂತಿತ್ತು. ಅವಳು ಬಗ್ಗಿ ನೀರನ್ನು ನೋಡಿ, ಸಕ್ಕರೆ ನೋಡಿ, ಮತ್ತೆ ನೀರನ್ನು ನೋಡಿದಳು. ಆ ಶನಿವಾರ ಹೀಗೆ ಬರೆದಳು:

“ಮೋಲ್ ಅಂದ್ರೆ ತೂಕ ಅಂತ ತಿಳಿದಿದ್ದೆ. ತೂಕ ಅಲ್ಲ, ಎಣಿಕೆ. ಎಣಿಸಕ್ಕೆ ಆಗದೇ ಇರೋದನ್ನ ತೂಕ ಮಾಡಿ ಎಣಿಸೋದು. ಸಕ್ಕರೆಯ ಒಂದು ಅಣು ನೀರಿನ ಅಣುಗಿಂತ 19 ಪಟ್ಟು ತೂಕ ಅಂತ ಈಗ ಮೇಜಿನ ಮೇಲೆ ಕಾಣ್ತು.”

342ನ್ನು 18ರಿಂದ ಭಾಗಿಸಿದರೆ ಸರಿಯಾಗಿ 19. ಆ ಭಾಗಾಕಾರ ನಾನು ಹೇಳಿರಲಿಲ್ಲ.

ಇದರ ಫಲ ಒಂದು ಟೆಸ್ಟಿನ ಹಾಳೆಯ ಮೇಲೆ ಕಂಡಿತು. ಒಂದು ಮೋಲ್ ನೀರಿನ ಗಾತ್ರ ಎಷ್ಟು ಎಂಬ ಪ್ರಶ್ನೆಗೆ ಅವಳು ಮೊದಲು 22.4 ಲೀಟರ್ ಎಂದು ಬರೆದು, ಗೀಟು ಹಾಕಿ, ಪಕ್ಕದಲ್ಲಿ “18 ಎಂಎಲ್, ನೋಡೀನಿ” ಎಂದು ಬರೆದಿದ್ದಳು. 22.4 ಎಂಬುದು ಅನಿಲಕ್ಕೆ ಮಾತ್ರ ಸಲ್ಲುವ ಅಂಕೆ. ಅದರಲ್ಲೂ ಗೊಂದಲವಿದೆ. ಹಳೆಯ ಗೈಡುಗಳಲ್ಲಿ 1 ಅಟ್ಮಾಸ್ಫಿಯರ್ ಒತ್ತಡಕ್ಕೆ 22.4 ಎಂದಿದ್ದರೆ, ಈಗಿನ ಪಿಯು ಪುಸ್ತಕದಲ್ಲಿ 1 ಬಾರ್ ಒತ್ತಡಕ್ಕೆ 22.7 ಲೀಟರ್ ಎಂದಿದೆ. ಎರಡೂ ಸರಿ, ಉಷ್ಣತೆ ಒಂದೇ (0 ಡಿಗ್ರಿ ಸೆಲ್ಸಿಯಸ್), ಒತ್ತಡ ಬೇರೆ. ಇದನ್ನು ಬಿಡಿಸಿ ಹೇಳದಿದ್ದರೆ ಮಕ್ಕಳು ಒಂದು ಸರಿ, ಇನ್ನೊಂದು ಅಚ್ಚಿನ ತಪ್ಪು ಎಂದುಕೊಳ್ಳುತ್ತಾರೆ.

ಪಿಪಿ ಹೊಡೆದ ಪ್ಯಾಂಟು

ರೆಡಾಕ್ಸ್, ಅಂದರೆ ಇಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಕ್ರಿಯೆಗಳ ಅಧ್ಯಾಯಕ್ಕೆ ಬರುವ ಹೊತ್ತಿಗೆ ಪ್ರಶ್ನೆ ಕೇಳುವವಳು ಅವಳೇ ಆಗಿದ್ದಳು. ಒಂದು ದಿನ ಪಾಠ ಮುಗಿದ ಮೇಲೆ ಬಂದು ಹೇಳಿದಳು: “ನಮ್ಮ ಮಾವ ಪಿಪಿ ಸ್ಪ್ರೇ ಮಾಡ್ತಾನ್ರಿ. ಹೊಡಿಯುವಾಗ ನೇರಳೆ ಇರತೈತಿ. ಸ್ವಲ್ಪ ಹೊತ್ತಿಗೆ ಕಂದು ಆಗತೈತಿ. ಮೆಟಾದಾಗ ಹಾಕಿ ತಗದ್ರ ಬಿಳಿ. ಇದ್ರಾಗ ಪಿಪಿ ಬಣ್ಣ ಯಾವುದ್ರಿ?”

ಜೀನ್ಸ್ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಹೊಸ ಪ್ಯಾಂಟಿನ ತೊಡೆ, ಮೊಣಕಾಲಿನ ಭಾಗ ಹಾಕಿ ಹಾಕಿ ಸವೆದಂತೆ ಕಾಣಲು ಅಲ್ಲಿಗೆ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ದ್ರಾವಣ ಸಿಂಪಡಿಸುತ್ತಾರೆ. ಅದೇ ಪಿಪಿ. ಅದು ಬಟ್ಟೆಯ ನೀಲಿ ಇಂಡಿಗೋ ಬಣ್ಣವನ್ನು ಉತ್ಕರ್ಷಿಸಿ, ಅಂದರೆ ಅದರ ಇಲೆಕ್ಟ್ರಾನ್ ಕಿತ್ತುಕೊಂಡು, ಕೆಡಿಸುತ್ತದೆ. ಆಮೇಲೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದ ನೀರಿನಲ್ಲಿ ತೊಳೆದು ಕಂದು ಕಲೆ ತೆಗೆಯುತ್ತಾರೆ, ಅದೇ ಮೆಟಾ. ಸಿಂಪಡಿಸುವವರ ಕೈ ಕಂದಾಗಿರುತ್ತದೆ, ಮೆಟಾ ತೊಟ್ಟಿಯ ಹತ್ತಿರ ಹೋದರೆ ಗಂಟಲು ಕೆರೆಯುತ್ತದೆ. ಕೈಗವಸು, ಮುಖಕ್ಕೆ ಮಾಸ್ಕ್ ಇಲ್ಲದೆ ಈ ಕೆಲಸ ಮಾಡುವುದು ಸರಿಯಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಅವಳಿಗೂ ಅಂದೇ ಹೇಳಿದೆ, ಮಾವನಿಗೂ ಹೇಳು ಎಂದೆ.

ಅವಳ ಪ್ರಶ್ನೆಗೆ ಉತ್ತರ ಒಂದೇ ಧಾತುವಿನಲ್ಲಿದೆ. ಪರ್ಮ್ಯಾಂಗನೇಟಿನಲ್ಲಿ ಮ್ಯಾಂಗನೀಸ್ +7 ಸ್ಥಿತಿಯಲ್ಲಿರುತ್ತದೆ (ಲೆಕ್ಕದಲ್ಲಿ ಏಳು ಇಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿ), ಬಣ್ಣ ನೇರಳೆ. ಇಂಡಿಗೋದಿಂದ ಇಲೆಕ್ಟ್ರಾನ್ ಕಿತ್ತುಕೊಂಡು +4ಕ್ಕೆ ಇಳಿದಾಗ ಅದು ಮ್ಯಾಂಗನೀಸ್ ಡೈಆಕ್ಸೈಡ್, ಕಂದು ಬಣ್ಣದ ಘನ, ನೀರಿನಲ್ಲಿ ಕರಗುವುದಿಲ್ಲ. ಎಷ್ಟು ತೊಳೆದರೂ ಕಂದು ಹೋಗದಿರುವುದು ಅದಕ್ಕೇ. ಮೆಟಾ ಅದಕ್ಕೆ ಇನ್ನೂ ಎರಡು ಇಲೆಕ್ಟ್ರಾನ್ ಕೊಟ್ಟು +2ಕ್ಕೆ ಇಳಿಸುತ್ತದೆ. ಆ ಸ್ಥಿತಿಯ ಮ್ಯಾಂಗನೀಸ್ ನೀರಿನಲ್ಲಿ ಕರಗುತ್ತದೆ, ಬಣ್ಣ ಇಲ್ಲವೇ ಇಲ್ಲ ಎನ್ನುವಷ್ಟು ತೆಳು. ಆಗ ಕಾಣುವ ಬಿಳಿ ಬಟ್ಟೆಯ ದಾರದ್ದೇ. ಇಂಡಿಗೋದ ಒಂದು ಅಣು ಎರಡು ಆಕ್ಸಿಜನ್ ಪರಮಾಣು ಪಡೆದು ಎರಡು ಐಸಾಟಿನ್ ಅಣುವಾಗಿ ಒಡೆದಿರುತ್ತದೆ, ಐಸಾಟಿನ್‌ಗೆ ಆ ಕಡು ನೀಲಿ ಇಲ್ಲ.

ಇದನ್ನು ಲ್ಯಾಬಿನಲ್ಲಿ ಮಾಡಿ ನೋಡಿದೆವು. ಅವಳೇ ಮನೆಯಿಂದ ಡೆನಿಮ್ ತುಂಡುಗಳನ್ನು ತಂದಿದ್ದಳು. ತುಂಡಿನ ಮೇಲೆ ಪರ್ಮ್ಯಾಂಗನೇಟಿನ ತೆಳು ದ್ರಾವಣವನ್ನು ಡ್ರಾಪರಿನಿಂದ ಬಿಟ್ಟಳು. ನೀಲಿಯ ಮೇಲೆ ನೇರಳೆ ಹರಡಿತು. ಅಂಚಿನಿಂದ ಒಳಕ್ಕೆ ನಿಧಾನವಾಗಿ ಕಂದು ತಿರುಗಿತು. ನಲ್ಲಿಯ ಕೆಳಗೆ ಹಿಡಿದು ತಿಕ್ಕಿದಳು, ಕಂದು ಕದಲಲಿಲ್ಲ. ನಮ್ಮ ಕಪಾಟಿನಲ್ಲಿ ಮೆಟಾ ಇರಲಿಲ್ಲ, ಆಕ್ಸಾಲಿಕ್ ಆಮ್ಲ ಇತ್ತು. ಅದೂ ಇಲೆಕ್ಟ್ರಾನ್ ಕೊಡುವಂಥದ್ದೇ. ಸ್ವಲ್ಪ ನೀರು ಬೆರೆಸಿ ತೆಳುವಾಗಿಸಿದ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಬೆಚ್ಚಗೆ ಮಾಡಿದ ಆಕ್ಸಾಲಿಕ್ ದ್ರಾವಣದಲ್ಲಿ ತುಂಡನ್ನು ಇಳಿಬಿಟ್ಟಾಗ ಕಲೆಯ ಮೇಲೆ ಸಣ್ಣ ಗುಳ್ಳೆ ಎದ್ದವು. “ಇದು ಕಾರ್ಬನ್ ಡೈಆಕ್ಸೈಡ್ ಇರಬೇಕು,” ಎಂದಳು. ಹೇಗೆ ಗೊತ್ತು ಎಂದೆ. ಆಕ್ಸಾಲಿಕ್‌ನಲ್ಲಿ ಕಾರ್ಬನ್ ಬಿಟ್ಟರೆ ಉತ್ಕರ್ಷಣ ಆಗಲು ಬೇರೆ ಏನೂ ಇಲ್ಲವಲ್ಲ ಎಂದಳು. ಕಲೆಯ ಜಾಗ ಬೆಳ್ಳಗಾಯಿತು.

ಮರುವಾರದ ಬರಹದಲ್ಲಿ ಒಂದು ಪೂರ್ತಿ ಲೆಕ್ಕವಿತ್ತು. ಯಾರೂ ಕೊಡದ ಲೆಕ್ಕ, ಅವಳೇ ಹಾಕಿಕೊಂಡದ್ದು. ಒಂದು ಮೋಲ್ ಪಿಪಿ ಎಂದರೆ 158 ಗ್ರಾಂ. ಅದೆಲ್ಲ ಕಂದು ಆದರೆ ಒಂದು ಮೋಲ್ ಮ್ಯಾಂಗನೀಸ್ ಡೈಆಕ್ಸೈಡ್. ಮ್ಯಾಂಗನೀಸ್ +4ರಿಂದ +2ಕ್ಕೆ ಬರಲು ಎರಡು ಇಲೆಕ್ಟ್ರಾನ್ ಬೇಕು. ಬೈಸಲ್ಫೈಟಿನ ಸಲ್ಫರ್ +4ರಿಂದ +6ಕ್ಕೆ ಹೋಗುವಾಗ ಎರಡು ಕೊಡುತ್ತದೆ. ಆದ್ದರಿಂದ ಒಂದಕ್ಕೆ ಒಂದು. ಮೆಟಾದ ಒಂದು ಮೋಲ್ ನೀರಿನಲ್ಲಿ ಎರಡು ಮೋಲ್ ಬೈಸಲ್ಫೈಟ್ ಆಗುತ್ತದೆ, ಹಾಗಾಗಿ ಅರ್ಧ ಮೋಲ್ ಮೆಟಾ ಸಾಕು. 190 ಗ್ರಾಂನ ಅರ್ಧ, 95 ಗ್ರಾಂ. ಕೊನೆಗೆ ಈ ಸಾಲು:

“158 ಗ್ರಾಂ ಪಿಪಿಗೆ 95 ಗ್ರಾಂ ಮೆಟಾ ಸಾಕು ಅಂತ ಲೆಕ್ಕ ಬಂತು. ಮಾವನ್ನ ಕೇಳಿದ್ರೆ ಅವರು ಅದಕ್ಕಿಂತ ಬಾಳ ಹಾಕ್ತಾರಂತೆ. ನನ್ನ ಲೆಕ್ಕ ತಪ್ಪೋ, ಅವರು ಸುಮ್ನೆ ಹಾಕ್ತಾರೋ?”

ಲೆಕ್ಕ ತಪ್ಪಿರಲಿಲ್ಲ. ಅದು ಕನಿಷ್ಠ ಪ್ರಮಾಣ. ಆಮ್ಲ ಇರುವ ನೀರಿನಲ್ಲಿ ಮೆಟಾದ ಒಂದು ಪಾಲು ಸಲ್ಫರ್ ಡೈಆಕ್ಸೈಡ್ ಅನಿಲವಾಗಿ ಹಾರಿಹೋಗುತ್ತದೆ, ಗಂಟಲು ಕೆರೆಯುವುದು ಅದೇ. ಇನ್ನೊಂದು ಪಾಲು ಗಾಳಿಯ ಆಕ್ಸಿಜನ್ ಜತೆ ಸೇರಿ ಮುಗಿಯುತ್ತದೆ. ಬಟ್ಟೆಯೊಳಗೆ ಕಂದು ಎಷ್ಟಿದೆ ಎಂದು ಯಾರೂ ತೂಗಿ ನೋಡುವುದಿಲ್ಲ, ಒಂದು ಪ್ಯಾಂಟಿನಲ್ಲಿ ಕಲೆ ಉಳಿದರೂ ಇಡೀ ಲಾಟು ವಾಪಸ್ ಬರುತ್ತದೆ. ಹಾಗಾಗಿ ಧಾರಾಳವಾಗಿ ಹಾಕುತ್ತಾರೆ. ಧಾರಾಳವಾಗಿ ಹಾಕಿದ್ದು ಕೊನೆಗೆ ಚರಂಡಿ ಸೇರುತ್ತದೆ, ಕರಗಿದ ಮ್ಯಾಂಗನೀಸ್ ಕೂಡ. ಬಣ್ಣ ಹೋಯಿತು ಎಂದರೆ ವಸ್ತು ಹೋಯಿತು ಎಂದಲ್ಲ. ರಾಶಿ ಸಂರಕ್ಷಣಾ ನಿಯಮವನ್ನು ಬಾಯಿಪಾಠ ಒಪ್ಪಿಸಿದ್ದ ಹುಡುಗಿ ಅದನ್ನು ನಿಜವಾಗಿ ಹಿಡಿದದ್ದು ಈ ಚರಂಡಿಯ ಮಾತಿನಲ್ಲಿ. “ಹಂಗಾರ ಮ್ಯಾಂಗನೀಸ್ ಎಲ್ಲಾ ಇನ್ನೂ ನೀರಾಗ ಐತೇನ್ರಿ?” ಎಂದು ಎರಡು ಸಲ ಕೇಳಿದಳು.

ಆದದ್ದು, ಆಗದೇ ಉಳಿದದ್ದು

ವಾರ್ಷಿಕ ಪರೀಕ್ಷೆಯಲ್ಲಿ ಅವಳು ಪಾಸಾದಳು, ಆದರೆ ದೊಡ್ಡ ಅಂಕ ಬರಲಿಲ್ಲ. ಮೋಲ್, ರೆಡಾಕ್ಸ್ ಲೆಕ್ಕಗಳು ಬಹುತೇಕ ಸರಿ. ವಿವರಿಸಿ ಬರೆಯುವ ಪ್ರಶ್ನೆಗಳಲ್ಲಿ ಅಂಕ ಹೋದವು, ಅಲ್ಲಿ ಇಂಗ್ಲಿಷ್ ನಿಜಕ್ಕೂ ಅಡ್ಡ ಬಂತು. ಗೊತ್ತಿದ್ದನ್ನು ವಾಕ್ಯ ಮಾಡಲು ಆಗದೆ ಬಿಡಿ ಪದ ಬರೆದು ಬಿಟ್ಟಿದ್ದಳು. ಭಾಷೆಯ ತೊಡಕು ಇಲ್ಲವೆಂದು ನಾನು ಹೇಳುವುದಿಲ್ಲ. ಅದಕ್ಕೆ ಬೇರೆ ಮದ್ದು ಬೇಕು, ಅದು ದಿನಾ ಬರೆಸುವುದು. ಆದರೆ ಅರ್ಥವೇ ಆಗದ ಸಂಗತಿಗೆ ಇಂಗ್ಲಿಷ್ ವಾಕ್ಯ ಕಲಿಸಿದರೆ ಇನ್ನೊಂದು ಬಾಯಿಪಾಠ ಸೇರಿಕೊಳ್ಳುತ್ತದೆ. ಕನ್ನಡದಲ್ಲಿ ಮೊದಲು ಗಟ್ಟಿಯಾದ ಮಾತು ಇಂಗ್ಲಿಷಿಗೆ ಬೇಗ ದಾಟಿತು, ಇವಳ ಮಟ್ಟಿಗೆ ಇದನ್ನು ಧೈರ್ಯವಾಗಿ ಹೇಳಬಲ್ಲೆ.

ದ್ರಾವಣದ ಲೆಕ್ಕಗಳಲ್ಲಿ ಇನ್ನೂ ಎಡವುತ್ತಾಳೆ. ಮೊಲಾರಿಟಿಯಲ್ಲಿ ಲೀಟರ್ ದ್ರಾವಣದ್ದು, ಮೊಲಾಲಿಟಿಯಲ್ಲಿ ಕೆಜಿ ದ್ರಾವಕದ್ದು ಎಂಬ ವ್ಯತ್ಯಾಸ ಹೇಳಿದಾಗ ಗೊತ್ತಾಗುತ್ತದೆ, ಪರೀಕ್ಷೆಯಲ್ಲಿ ಅದಲುಬದಲಾಗುತ್ತದೆ. ಅದಕ್ಕೆ ಮೇಜಿನ ಮೇಲೆ ಇಟ್ಟು ತೋರಿಸುವ ಒಳ್ಳೆಯ ದಾರಿ ಇನ್ನೂ ಸಿಕ್ಕಿಲ್ಲ.

ಇದು ಒಬ್ಬಳ ಪ್ರಕರಣ, ಮನೆಯಲ್ಲಿ ರಿವೆಟ್ ಇದ್ದವಳದ್ದು. ಸಿರುಗುಪ್ಪ ಕಡೆಯ ಭತ್ತದ ಊರಿನಿಂದ ಬಂದ ಹುಡುಗನಿಗೆ ರಿವೆಟ್ ಲೆಕ್ಕ ಹೇಳಿದರೆ ಅವನಿಗೆ ಅದೂ ಪುಸ್ತಕದ ಪಾಠವೇ. ಈ ವರ್ಷದ ಮೊದಲ ಪಿಯು ತರಗತಿಯಲ್ಲಿ ಅಂಥವನೊಬ್ಬನಿದ್ದಾನೆ. ಅವನು ಯೂರಿಯಾ ಚೀಲದ ಮೇಲೆ ಬರೆದಿರುವ 46 ಪರ್ಸೆಂಟ್ ನೈಟ್ರೋಜನ್ ಹಿಡಿದುಕೊಂಡು ಬಂದ. ಯೂರಿಯಾದ ಮೋಲಾರ್ ರಾಶಿ 60, ಅದರಲ್ಲಿ ನೈಟ್ರೋಜನ್ 28. ಭಾಗಿಸಿದರೆ 46.67. ಎರಡನೇ ಪಿಯುಗೆ ಬಂದಿರುವ ನಮ್ಮ ಹುಡುಗಿಯೇ ಅವನ ಪಕ್ಕ ಕೂತು ಲೆಕ್ಕ ಮಾಡಿಸಿದಳು. ಉಳಿದ 0.67 ಎಲ್ಲಿ ಹೋಯಿತು ಎಂದು ಅವನು ಕೇಳಿದ್ದಾನೆ. ಚೀಲದಲ್ಲಿ ಇರುವುದೆಲ್ಲ ಬರೀ ಯೂರಿಯಾನೇ ಏನು, ಮೊದಲು ಅದನ್ನು ನೋಡು ಎಂದು ಅವಳು ಹೇಳಿ ಕಳಿಸಿದ್ದಾಳೆ. ಊರಿಗೆ ಹೋದಾಗ ಚೀಲದ ಮೇಲಿರುವುದನ್ನೆಲ್ಲ ಬರೆದುಕೊಂಡು ಬರುತ್ತೇನೆ ಎಂದಿದ್ದಾನೆ.